ಡೇನರಿಗೆ ಹೋಳಿಗೆ ಬಡಿಸಿದ್ದು

ನಾನು ಡಿಪೋದಲ್ಲಿ ಲಾರಿಯ ಟಯರಿನ ಗಾಳಿ ನೋಡುತ್ತಿದ್ದಾಗ ನಮ್ಮ ಕ್ಯಾಪ್ಟನ್ ಬಂದು ಪಕ್ಕದಲ್ಲಿ ನಿಂತರು. ಇನ್ನೊಂದು ತಿಂಗಳಿಗೆ ಡೆನ್ಮಾರ್ಕಿನಿಂದ ಸೈನಿಕರ ಒಂದು ಚಿಕ್ಕ ತಂಡ ನಮ್ಮ ಜೊತೆ ತರಬೇತಿಗೆ ಬರುತ್ತದೆ, ಅಷ್ಟರೊಳಗೆ ನಮ್ಮವರಿಗೆಲ್ಲ ಡೇನಿಶ್ ಸಂಸ್ಕೃತಿ ಅರ್ಥವಾಗಿರಬೇಕೆಂದು ಮೇಲಿನಿಂದ ಹೇಳಿಕೆ ಬಂದಿದೆ, ಅದನ್ನು ಅರ್ಥ ಮಾಡಿಸುವ ಕೆಲಸ ನಿನ್ನದು ಎಂದರು. ಡೆನ್ಮಾರ್ಕನ್ನು ನಕ್ಷೆಯಲ್ಲಿ ತೋರಿಸು ಎಂದರೂ ನನ್ನ ಬೆರಳು ಸುಮಾರು ಹೊತ್ತು ಸಮುದ್ರದಲ್ಲೇ ಓಡಾಡುತ್ತಿತ್ತು. ಆ ದೇಶದ್ದೆಂದು ನನಗೆ ಗೊತ್ತಿದ್ದದ್ದು ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ ಒಂದೇ.

"ಸರ್, ನಾನು ಇಂಡಿಯಾದವಳು," ಎಂದೆ.

"ಗೊತ್ತು. ಆದರೆ ನಮ್ಮ ತುಕಡಿಯಲ್ಲಿ ಸಂಸ್ಕೃತಿ ಅಂತ ಇರುವುದು ನಿನಗೊಬ್ಬಳಿಗೇ," ಎಂದರು ಕ್ಯಾಪ್ಟನ್. ತಮಾಷೆ ಮಾಡುತ್ತಿರಲಿಲ್ಲ.

ನಮ್ಮದು ಆಸ್ಟ್ರೇಲಿಯಾ ಸೇನೆಯ ರಿಸರ್ವ್ ತುಕಡಿ. ಎಲ್ಲರಿಗೂ ಬೇರೆ ನೌಕರಿ ಇತ್ತು. ಮಂಗಳವಾರ ಸಂಜೆ ಮತ್ತು ಆಗೀಗ ಶನಿವಾರ ಭಾನುವಾರ ಮಾತ್ರ ಯೂನಿಫಾರ್ಮ್. ಒಬ್ಬ ಪ್ಲಂಬರ್, ಒಬ್ಬ ಶಾಲಾ ಮಾಸ್ತರ, ಬಸ್ ಓಡಿಸುವವರು, ಕುರಿಮಾಂಸದ ಅಂಗಡಿಯವನು, ಹೀಗೆ. ನಾನು ಉಳಿದ ದಿನಗಳಲ್ಲಿ ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಆಫೀಸಿನಲ್ಲಿ ಕೂತು, ಕಂಪ್ಯೂಟರ್ ಕೆಟ್ಟಿತೆಂದು ಫೋನ್ ಮಾಡುವವರಿಗೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಎನ್ನುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಬೆಳಗಾವಿಯಲ್ಲಿ ಕ್ಯಾಂಪಿನ ಪಕ್ಕದ ಓಣಿಯಲ್ಲಿ ಬೆಳೆದವಳು ನಾನು. ಬ್ಯೂಗಲ್ ಕೇಳಿ ಏಳುವುದು, ಸಾಲಾಗಿ ಓಡುವ ಜವಾನರನ್ನು ಶಾಲೆಯ ದಾರಿಯಲ್ಲಿ ನಿಂತು ನೋಡುವುದು ರೂಢಿ. ನಾನೂ ಮಿಲಿಟರಿಗೆ ಸೇರುತ್ತೇನೆ ಎಂದಾಗ ಅಪ್ಪ ನಕ್ಕು, ಮೊದಲು ಗಣಿತದಲ್ಲಿ ಪಾಸಾಗು ಎಂದಿದ್ದರು. ಸಿಡ್ನಿಗೆ ಓದಲು ಬಂದು, ಓದು ಮುಗಿದು, ಕಾಯಂ ಇರಲು ಪಿಆರ್ ಸಿಕ್ಕಿ, ಮದುವೆಯಾಗಿ, ಸಿಟಿಜನ್ ಆದ ಮೇಲೆ ಒಂದು ದಿನ ರೈಲ್ವೆ ಸ್ಟೇಷನ್ನಿನಲ್ಲಿ ರಿಸರ್ವ್‌ನ ಪೋಸ್ಟರ್ ಕಂಡಿತು. ಅದರಲ್ಲಿ ನನ್ನಷ್ಟೇ ಗಿಡ್ಡಗಿದ್ದ ಒಬ್ಬ ಹೆಣ್ಣುಮಗಳು ಮನೆಯಷ್ಟು ದೊಡ್ಡ ಲಾರಿಯ ಸ್ಟಿಯರಿಂಗ್ ಹಿಡಿದಿದ್ದಳು. ನಾನು ಮೊದಲು ಅರ್ಜಿ ಹಾಕಿ ಆಮೇಲೆ ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು, ಇನ್ನು ಮುಂದೆ ನಾನು ಕಾರು ರಿವರ್ಸ್ ಹಾಕುವಾಗ ತಪ್ಪು ಹುಡುಕಬೇಡ ಎಂದಷ್ಟೇ ಹೇಳಿದರು.

ಕ್ಯಾಪ್ಟನ್ನರ ಆಜ್ಞೆಯನ್ನು ಮನೆಗೆ ತಂದಾಗ ಟೂಂಗಾಬಿಯ ನಮ್ಮ ಬಾಡಿಗೆ ಮನೆಯಲ್ಲಿ ಅತ್ತೆಯವರೂ ಇದ್ದರು. ಹುಬ್ಬಳ್ಳಿಯಿಂದ ಮೂರು ತಿಂಗಳಿಗೆಂದು ಬಂದವರು. ಸೊಸೆ ಮಿಲಿಟರಿಯಲ್ಲಿ ಡ್ರೈವರ್ ಎಂದು ಊರಲ್ಲೆಲ್ಲ ಹೇಳಿಕೊಂಡೇ ಬಂದಿದ್ದ ಅವರಿಗೆ, ಡೇನರ ಬಗ್ಗೆ ತಿಳಿಯಬೇಕಾದ್ದು ಒಂದೇ ಇತ್ತು. "ಅವರು ಏನ್ ತಿಂತಾರ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದೇ ಗೊತ್ತಿಲ್ಲದೆ ಇನ್ನೇನು ಹೇಳಿಕೊಡುತ್ತೀ ಎಂಬಂತೆ ನೋಡಿದರು.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಜನಸಂಖ್ಯೆ ಸಿಕ್ಕಿತು, ಹಂದಿ ಸಾಕಣೆ ಸಿಕ್ಕಿತು, ಗಾಳಿಯಂತ್ರಗಳು ಸಿಕ್ಕವು. ಇವನ್ನೆಲ್ಲ ಹೇಳಿದರೆ ನಮ್ಮ ಕುರಿಮಾಂಸದ ಅಂಗಡಿಯವನು ಐದೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಾನೆಂದು ನನಗೆ ಖಾತ್ರಿಯಿತ್ತು. ನನಗೆ ಬೇಕಾಗಿದ್ದದ್ದು ಜೀವಂತ ಡೇನ್. ಮೆಲ್ಬರ್ನಿನ ಟ್ರುಗನಿನಾದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅಕ್ಕ ಆ ಕಡೆ ಏನೋ ಒಗ್ಗರಣೆ ಹಾಕುತ್ತಿದ್ದವಳು, ಸೌಟು ಇಡುವ ಸದ್ದಾಯಿತು.

"ಅದಕ್ಯಾಕ ಇಷ್ಟ ತಲಿ ಕೆಡಿಸ್ಕೊಂಡಿ? ನಮ್ಮ ಟೇಲರಮ್ಮ ಡೆನ್ಮಾರ್ಕಿನವರ ಅದಾರಲ್ಲ," ಎಂದಳು.

ಮೆಲ್ಬರ್ನಿನ ಪಶ್ಚಿಮದ ಸಬರ್ಬ್‌ಗಳ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಟೇಲರಮ್ಮ ಗೊತ್ತು. ಎಪ್ಪತ್ತು ದಾಟಿದ, ಎತ್ತರದ, ಬೆಳ್ಳಗಿನ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ ಹೆಂಗಸು. ಗಂಡ ತೀರಿಕೊಂಡ ಮೇಲೂ ಅಂಗಡಿ ಮುಚ್ಚಿರಲಿಲ್ಲ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಹಾಕುವುದು ಅವರ ಕಸುಬು. ಯಾವಾಗಲೋ ಒಬ್ಬಳು ಕನ್ನಡದವಳು ಒಂದು ಹಳೆಯ ರವಿಕೆ ಮತ್ತು ಹೊಸ ಬಟ್ಟೆ ತಂದುಕೊಟ್ಟು ಇದರ ಹಾಗೇ ಇನ್ನೊಂದು ಎಂದಿದ್ದಳಂತೆ. ಟೇಲರಮ್ಮ ಆ ಹಳೆಯದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ಮೇಜಿನ ಮೇಲೆ ಹರಡಿ, ಇಷ್ಟು ಚಿಕ್ಕ ಬಟ್ಟೆಯಲ್ಲಿ ಇಷ್ಟೊಂದು ತುಂಡುಗಳೇ ಎಂದು ಒಂದು ಇಡೀ ದಿನ ನೋಡಿದರಂತೆ. ಅಲ್ಲಿಂದ ಮುಂದೆ ಊರಿಂದ ರವಿಕೆ ಹೊಲಿಸಿಕೊಂಡು ಬರುವ ಕಷ್ಟ ನಮ್ಮವರಿಗೆ ತಪ್ಪಿತು.

ಶುಕ್ರವಾರ ಆಫೀಸು ಮುಗಿಸಿ ಮೆಲ್ಬರ್ನಿನ ವಿಮಾನ ಹತ್ತಿದೆ. ನೆಪಕ್ಕಿರಲೆಂದು ಒಂದು ಇಳಕಲ್ ಸೀರೆಯ ರವಿಕೆ ಬಟ್ಟೆಯನ್ನೂ ಇಟ್ಟುಕೊಂಡೆ. ಅಕ್ಕನ ಮನೆ ಆಗಷ್ಟೇ ಕಟ್ಟಿದ್ದು. ಸುತ್ತ ಮರ ಎಂಬುದೇ ಇರಲಿಲ್ಲ, ಗೋದಾಮುಗಳ ಕಡೆಯಿಂದ ಬೀಸುವ ಗಾಳಿಗೆ ಒಣಹಾಕಿದ ಬಟ್ಟೆ ಪಕ್ಕದ ಮನೆಯವರ ಪಾಲಾಗುತ್ತಿತ್ತು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ನಾವಿಬ್ಬರೂ ಟೇಲರಮ್ಮನ ಮುಂದೆ ನಿಂತಿದ್ದೆವು.

ಟೇಲರಮ್ಮ ನನ್ನನ್ನು ನೋಡುವ ಮೊದಲು ಅಕ್ಕನ ಸೊಂಟಕ್ಕೆ ಟೇಪು ಸುತ್ತಿ, ಹೋದ ವರ್ಷಕ್ಕಿಂತ ದಪ್ಪ ಆಗಿದ್ದೀಯ ಎಂದರು. ಅಕ್ಕ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. ಥೇಟ್ ನಮ್ಮ ದೊಡ್ಡವ್ವನ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಎಂದು ನನ್ನ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದಳು.

ನಾನು ಬಂದ ಕಾರಣ ಹೇಳಿದಾಗ ಟೇಲರಮ್ಮ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ, ಒಳಕೋಣೆಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಳಿಯ ಹಾಸು ಹಾಸಿ ನಮ್ಮನ್ನು ಕೂರಿಸಿದರು. ಊಟ ಮಾಡದೆ ಡೆನ್ಮಾರ್ಕ್ ಅರ್ಥವಾಗುವುದಿಲ್ಲ ಎಂದರು. ಕಪ್ಪಗೆ, ಇಟ್ಟಿಗೆಯಷ್ಟು ತೂಕದ ಬ್ರೆಡ್ ಬಂತು. ನನಗೆ ಅದರ ಮೇಲೆ ಹುಳಿಯಲ್ಲಿ ನೆನೆಸಿದ ಮೀನು. ಮೀನು ಮುಟ್ಟದ ಅಕ್ಕನಿಗೆ ಬೇಯಿಸಿದ ಆಲೂಗಡ್ಡೆಯ ಬಿಲ್ಲೆಗಳನ್ನು ಜೋಡಿಸಿ ಮೇಲೆ ಹಸಿರು ಈರುಳ್ಳಿ ಎಲೆ ಉದುರಿಸಿ ಕೊಟ್ಟರು. ಬ್ರೆಡ್ಡನ್ನು ಕೈಯಲ್ಲಿ ಎತ್ತಲು ಹೋದ ಅಕ್ಕನಿಗೆ ಚಾಕು ಮತ್ತು ಫೋರ್ಕು ತೋರಿಸಿದರು.

ತಿನ್ನುತ್ತ ಪಾಠ ಶುರುವಾಯಿತು. ಎಷ್ಟು ಗಂಟೆಗೆ ಬಾ ಅಂದರೆ ಅಷ್ಟೇ ಗಂಟೆಗೆ ಬರುತ್ತಾರೆ. ಕೋಣೆಯಲ್ಲಿ ಎಷ್ಟು ಜನರಿದ್ದರೂ ಒಬ್ಬೊಬ್ಬರಿಗೂ ಕೈ ಕುಲುಕಿ ಹೆಸರು ಹೇಳುತ್ತಾರೆ. ಕುಡಿಯುವಾಗ ಲೋಟ ಎತ್ತಿ ಎದುರಿನವರ ಕಣ್ಣನ್ನೇ ನೋಡಬೇಕು, ಗುಟುಕರಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ನಾನು ಹೀಗೆ, ನಾನು ಹಾಗೆ ಎಂದು ಕೊಚ್ಚಿಕೊಳ್ಳಬಾರದು. "ದಯವಿಟ್ಟು" ಎಂಬುದಕ್ಕೆ ಅವರ ಭಾಷೆಯಲ್ಲಿ ನೇರವಾದ ಪದವಿಲ್ಲ, ಒರಟರು ಎಂದುಕೊಳ್ಳಬೇಡಿ. ನಮ್ಮ ಭಾಷೆಯಲ್ಲೂ ಯಾರೂ ಅಷ್ಟಾಗಿ ಬಳಸುವುದಿಲ್ಲ, ಬರೀ ಸರಕಾರಿ ಬೋರ್ಡಿನ ಮೇಲೆ ಇರುತ್ತದೆ ಎಂದೆ. ಟೇಲರಮ್ಮ ಮೆಚ್ಚಿ ತಲೆಯಾಡಿಸಿದರು.

ಆ ಹೊತ್ತಿಗೆ ಅಕ್ಕ, ತನ್ನ ಮನೆಯ ಗೃಹಪ್ರವೇಶಕ್ಕೆ ಟೇಲರಮ್ಮ ಬಂದಿದ್ದನ್ನೂ ಹೊಟ್ಟೆ ತುಂಬ ಉಂಡಿದ್ದನ್ನೂ ನನಗೆ ವಿವರಿಸತೊಡಗಿದಳು. ಟೇಲರಮ್ಮ ಅದನ್ನು ಕೇಳಿಸಿಕೊಳ್ಳುತ್ತ ನಿಧಾನಕ್ಕೆ ಅಗಿಯುತ್ತಿದ್ದರು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ, ಊಟದ ವಿಷಯದಲ್ಲಿ ಒಂದು ಮುಖ್ಯ ಮಾತಿದೆ ಎಂದರು.

"ಡೇನ್ ಜನ ತುಂಬ ನಾಚಿಕೆಯವರು. ಬಡಿಸಲು ಹೋದರೆ ಬೇಡ ಅನ್ನುತ್ತಾರೆ. ಎರಡನೇ ಸಲವೂ ಬೇಡ ಅನ್ನುತ್ತಾರೆ. ಮೂರನೇ ಸಲ ಕೇಳಬಾರದು, ಬಡಿಸಿಬಿಡಬೇಕು. ಬಡಿಸದಿದ್ದರೆ ಮನಸ್ಸಿಗೆ ನೋವಾಗುತ್ತದೆ."

ಅಕ್ಕ ನನ್ನ ಕೈ ಹಿಸುಕಿದಳು. "ನೋಡಿದೇನ? ನಮ್ಮಂಗ," ಎಂದಳು. ನನಗೂ ಎದೆ ತುಂಬಿ ಬಂತು. ಭೂಮಿಯ ಆ ತುದಿಯಲ್ಲೂ ಬೇಡ ಎಂದರೆ ಬೇಕು ಎಂದೇ ಅರ್ಥ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಮೇಲೆ ಟೇಲರಮ್ಮ ಹೇಳಿದ್ದೆಲ್ಲ ನನಗೆ ಸುಳ್ಳೆನಿಸಿತು. ಚಳಿಯಲ್ಲಿ ಕೂಸುಗಳನ್ನು ತಳ್ಳುಗಾಡಿಯಲ್ಲಿ ಹೊದಿಸಿ ಮನೆಯ ಹೊರಗೆ ಮಲಗಿಸುತ್ತಾರಂತೆ. ಹೊಸ ವರ್ಷ ಹುಟ್ಟುವ ಗಳಿಗೆಗೆ ಕುರ್ಚಿ ಹತ್ತಿ ಕೆಳಕ್ಕೆ ಜಿಗಿಯುತ್ತಾರಂತೆ. ಮದುವೆಯ ಊಟದಲ್ಲಿ ಬಂದವರೆಲ್ಲ ತಟ್ಟೆಗೆ ಚಮಚ ಬಡಿದರೆ ಗಂಡ ಹೆಂಡತಿ ಕುರ್ಚಿ ಮೇಲೆ ನಿಂತು ಮುತ್ತು ಕೊಡಬೇಕಂತೆ. ನೆಲಕ್ಕೆ ಕಾಲು ಕುಟ್ಟಿದರೆ ಇಬ್ಬರೂ ಮೇಜಿನ ಕೆಳಗೆ ತೂರಿ ಅಲ್ಲಿ ಕೊಡಬೇಕಂತೆ. ವಾರ್ಷಿಕೋತ್ಸವಕ್ಕೂ ಹಾಗೆಯೇ ಅಂತೆ. ಮುದುಕಿ ಈಗ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ಸಿಡ್ನಿಗೆ ವಾಪಸು ಬರುವಾಗ ವಿಮಾನದಲ್ಲಿ ಕೂತು, ಭಾಷಣದಿಂದ ಕೂಸು, ಕುರ್ಚಿ, ಮುತ್ತು ಮೂರನ್ನೂ ಕಿತ್ತುಹಾಕಿದೆ. ಊಟದ ನಿಯಮವನ್ನು ಮೊದಲಿಗೆ ತಂದಿಟ್ಟೆ.

ಭಾಷಣ ಒಂದು ಮಂಗಳವಾರ ಸಂಜೆ ನಡೆಯಿತು. ನಮ್ಮ ತುಕಡಿಯವರು ಮಡಚುವ ಕುರ್ಚಿಗಳ ಮೇಲೆ ಸಾಲಾಗಿ ಕೂತಿದ್ದರು, ಕ್ಯಾಪ್ಟನ್ ಹಿಂದೆ ನಿಂತಿದ್ದರು. ಲೋಟ ಎತ್ತಿ ಕಣ್ಣು ನೋಡುವ ಪದ್ಧತಿಯನ್ನು ಬಾಯಲ್ಲಿ ಹೇಳಿದರೆ ಸಾಲದೆಂದು ಎಲ್ಲರ ಕೈಗೂ ಕಾಗದದ ಲೋಟ ಕೊಟ್ಟು ಜೋಡಿ ಜೋಡಿಯಾಗಿ ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ಗುಂಡಿನ ಸದ್ದಿಗೆ ಅಲುಗದ ಆಳುಗಳು ಒಬ್ಬರ ಕಣ್ಣೊಬ್ಬರು ನೋಡಲಾರದೆ ಕೆಂಪಗಾದರು. ಪ್ಲಂಬರ್ ತನ್ನ ಹೆಂಡತಿಯ ಕಣ್ಣನ್ನೇ ಇಷ್ಟು ಹೊತ್ತು ನೋಡಿಲ್ಲ ಎಂದು ದೂರಿದ. ನನಗೆ ಬಹಳ ಖುಷಿಯಾಗಿತ್ತು. ಇನ್ನೊಂದು ಸಲ ಮಾಡಿ ಎಂದೆ.

ಊಟದ ನಿಯಮಕ್ಕೆ ಬಂದಾಗ ಶಾಲಾ ಮಾಸ್ತರ ಕೈಯೆತ್ತಿದ. ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂರಿಸಿ, ಹೆಣ್ಣು ಬೇಡ ಎಂದರೆ ಬೇಡ ಎಂದೇ ಅರ್ಥ ಅಂತ ಒಂದು ಭಾಷಣ ಕೊಟ್ಟಿದ್ದರಲ್ಲ, ಈಗ ಬೇಡ ಎಂದರೆ ಬೇಕು ಅಂತಲೇ ಎಂದು ಕೇಳಿದ. ಎಲ್ಲರೂ ತಿರುಗಿ ಕ್ಯಾಪ್ಟನ್ ಕಡೆ ನೋಡಿದರು.

ಕ್ಯಾಪ್ಟನ್ ಗಂಟಲು ಸರಿ ಮಾಡಿಕೊಂಡರು. "ಆಲೂಗಡ್ಡೆಯ ವಿಷಯದಲ್ಲಿ ಮಾತ್ರ," ಎಂದರು.

ಡೇನರು ಬಂದರು. ಎಲ್ಲರೂ ಎತ್ತರ, ಎಲ್ಲರೂ ಮಿತಭಾಷಿಗಳು. ಬಂದ ದಿನವೇ ಸಾಲಾಗಿ ನಿಂತಿದ್ದ ನಮ್ಮೆಲ್ಲರಿಗೂ ಒಬ್ಬೊಬ್ಬರಾಗಿ ಕೈ ಕುಲುಕಿ ಹೆಸರು ಹೇಳಿದರು. ಕ್ಯಾಪ್ಟನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಭೇಷ್ ಎಂಬಂತೆ. ಲಾರಿಯ ಕೆಲಸದಲ್ಲಿ ಡೇನರು ನಿಪುಣರು. ನಾವು ಬೈದುಕೊಳ್ಳುತ್ತ ಮಾಡುವುದನ್ನು ಸುಮ್ಮನೆ ಮಾಡಿ ಮುಗಿಸುತ್ತಿದ್ದರು. ಮಣ್ಣುದಾರಿಯಲ್ಲಿ ಸಾಲುಲಾರಿ ಓಡಿಸುವ ಪಾಠದಲ್ಲಿ ಅವರ ಸಾರ್ಜೆಂಟ್ ನನ್ನ ಪಕ್ಕ ಕೂತಿದ್ದರು. ನರೆತ ಗಡ್ಡದ, ಐವತ್ತರ ಆಸುಪಾಸಿನವರು. ಇಳಿಯುವಾಗ, ಗೇರು ಬದಲಿಸುವುದು ಚೆನ್ನಾಗಿದೆ, ತಿರುವಿನಲ್ಲಿ ಅವಸರ ಮಾಡುತ್ತೀಯ ಎಂದರು. ಹೊಗಳಿಕೆ ಮತ್ತು ಬೈಗುಳ ಎರಡಕ್ಕೂ ಒಂದೇ ಮುಖ.

ಮೆಸ್ಸಿನಲ್ಲಿ ಮಾತ್ರ ಅವರು ಕಷ್ಟಕ್ಕೆ ಸಿಕ್ಕರು. ನಮ್ಮವರು ನನ್ನ ಪಾಠವನ್ನು ಆಜ್ಞೆಯಂತೆ ಪಾಲಿಸುತ್ತಿದ್ದರು. ಒಬ್ಬ ಡೇನ್ ಕೂತರೆ ಸಾಕು, ಒಂದು ಕಡೆಯಿಂದ ಪ್ಲಂಬರ್, ಇನ್ನೊಂದು ಕಡೆಯಿಂದ ಕುರಿಮಾಂಸದವನು ಬಟ್ಟಲು ಹಿಡಿದು ನಿಲ್ಲುತ್ತಿದ್ದರು. ಬೇಡ, ಬೇಡ, ಧೊಪ್ಪನೆ ಒಂದು ಸೌಟು. ಡೇನರಿಗೆ ತಟ್ಟೆಯಲ್ಲಿ ಬಿಟ್ಟು ಏಳುವುದು ಚಿಕ್ಕಂದಿನಿಂದ ಗೊತ್ತಿಲ್ಲ. ತಿಂದು ಮುಗಿಸುತ್ತಿದ್ದರು. ಖಾಲಿ ತಟ್ಟೆ ಕಂಡು ನಮ್ಮವರು ಮತ್ತೆ ಶುರು ಮಾಡುತ್ತಿದ್ದರು. ಮಧ್ಯಾಹ್ನದ ಮೇಲಿನ ಪಾಠದಲ್ಲಿ ಡೇನರ ಕಣ್ಣು ಮುಚ್ಚಿಹೋಗುವುದನ್ನು ಕಂಡ ಕ್ಯಾಪ್ಟನ್, ವಿಮಾನದ ಆಯಾಸ ಇನ್ನೂ ಹೋಗಿಲ್ಲ ಎಂದು ಮರುಗಿದರು.

ಬಂದವರನ್ನು ಒಂದು ಭಾನುವಾರ ಒಬ್ಬೊಬ್ಬರ ಮನೆಗೆ ಊಟಕ್ಕೆ ಹಂಚಿದರು. ನಮ್ಮ ಪಾಲಿಗೆ ಸಾರ್ಜೆಂಟ್ ಮತ್ತು ಅವರ ತುಕಡಿಯ ಒಬ್ಬಳು ಕಾರ್ಪೊರಲ್ ಬಂದರು. ಕಾರ್ಪೊರಲ್ ಇಪ್ಪತ್ತೈದರ ಹುಡುಗಿ, ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ. ಹನ್ನೆರಡೂವರೆಗೆ ಬನ್ನಿ ಎಂದಿದ್ದೆ. ನಮ್ಮವರ ಪೈಕಿ ಹಾಗೆಂದರೆ ಎರಡು ಗಂಟೆ. ಇನ್ನೂ ಸಮಯವಾಗಿಲ್ಲವೆಂದು ಅವರಿಬ್ಬರು ಗೇಟಿನ ಹೊರಗೆ ಕೈಕಟ್ಟಿ ನಿಂತಿದ್ದನ್ನು ಅತ್ತೆ ಕಿಟಕಿಯಿಂದ ಕಂಡು, ಯಾರೋ ಪೊಲೀಸರು ಬಂದಿದ್ದಾರೆ ಎಂದು ನಮ್ಮ ಮನೆಯವರನ್ನು ಲುಂಗಿಯಲ್ಲೇ ಹೊರಗೆ ಓಡಿಸಿದರು.

ಒಳಗೆ ಬಂದವರು ಹೇಳಿಸಿಕೊಳ್ಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿದರು. ಅತ್ತೆಗೆ ಅಲ್ಲೇ ಪ್ರೀತಿ ಹುಟ್ಟಿತು. "ಸಂಸ್ಕಾರ ಅದ," ಎಂದರು. ಸಾರ್ಜೆಂಟ್ ಕೈ ಕುಲುಕಲು ಬಂದಾಗ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೊಟ್ಟರು. ಮೇಜಿನ ಮುಂದೆ ಕೂತು ಮಜ್ಜಿಗೆ ಲೋಟ ಎತ್ತಿದ ಸಾರ್ಜೆಂಟ್ ಒಬ್ಬೊಬ್ಬರ ಕಣ್ಣನ್ನೂ ನೋಡಿ, ಗುಟುಕರಿಸಿ, ಮತ್ತೆ ನೋಡಿದರು. ಅತ್ತೆ ನನ್ನತ್ತ ಬಾಗಿ, "ಈತ ಯಾಕ ಹಿಂಗ ನೋಡ್ಲಿಕತ್ತಾರ? ಮಜ್ಜಗಿ ಹುಳಿ ಆಗೇದೇನ?" ಎಂದು ಪಿಸುಗುಟ್ಟಿದರು.

ಮಾಡಿದ್ದು ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಚಿತ್ರಾನ್ನ, ಮತ್ತೆ ಅತ್ತೆಯ ಹೋಳಿಗೆ. ಅತ್ತೆಗೆ ನಾನು ಡೇನರ ನಿಯಮ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಅವರು ಮೊದಲ ಬೇಡ ಎಂಬುದನ್ನೇ ಕಿವಿಗೆ ಹಾಕಿಕೊಂಡವರಲ್ಲ. ತಟ್ಟೆ ಮುಚ್ಚಿಕೊಳ್ಳಲು ಸಾರ್ಜೆಂಟ್ ಅಡ್ಡ ಹಿಡಿದ ಕೈಯನ್ನು ಮೃದುವಾಗಿ ಎತ್ತಿ ಪಕ್ಕಕ್ಕಿಟ್ಟು ಹೋಳಿಗೆ ಇಟ್ಟರು, ಮೇಲೆ ತುಪ್ಪ ಹೊಯ್ದರು. ಸಾರ್ಜೆಂಟ್ ಅದನ್ನು ಮುಗಿಸಿದರು. ಅತ್ತೆ ಇನ್ನೊಂದಿಟ್ಟರು. ಕಾರ್ಪೊರಲ್‌ಳ ಹಣೆಯಲ್ಲಿ ಬೆವರು ಮೂಡಿತ್ತು. ನಾನು, ಪಾಪ, ಎಷ್ಟು ನಾಚಿಕೆಯ ಜನ ಎಂದು ನೋಡುತ್ತ ಕೂತಿದ್ದೆ.

ಸುಮ್ಮನೆ ಮಾತಿಗೆಂದು ನಮ್ಮ ಮನೆಯವರು, ಈ ವಾರವೇ ನಮ್ಮ ಮದುವೆಯ ವಾರ್ಷಿಕೋತ್ಸವ ಎಂದರು.

ಕಾರ್ಪೊರಲ್‌ಳ ಮುಖ ಅರಳಿತು. ತಿನ್ನುವುದರಿಂದ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತೆಂದೋ ಏನೋ, ಚಮಚ ಎತ್ತಿ ತಟ್ಟೆಗೆ ಬಡಿಯತೊಡಗಿದಳು. ನಮ್ಮವು ಸ್ಟೀಲ್ ತಟ್ಟೆಗಳು. ಮಂಗಳಾರತಿಯ ಹೊತ್ತಿನ ಜಾಗಟೆಯಂತೆ ಸದ್ದಾಯಿತು. ಸಾರ್ಜೆಂಟರೂ ಶುರು ಮಾಡಿದರು. ಇಬ್ಬರೂ ನಮ್ಮಿಬ್ಬರ ಕಡೆ ನಗುತ್ತ ನೋಡುತ್ತಿದ್ದರು. ಟೇಲರಮ್ಮ ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಈ ಸದ್ದಿನ ಅರ್ಥ ಗೊತ್ತಿದ್ದ ಕನ್ನಡದವಳು ನಾನೊಬ್ಬಳೇ, ಎದುರಿಗೆ ಅತ್ತೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದರು. ನಾನು ಚಿತ್ರಾನ್ನದ ಶೇಂಗಾ ಆರಿಸತೊಡಗಿದೆ.

ನಾವು ಕದಲದ್ದನ್ನು ಕಂಡು ಇಬ್ಬರೂ ಚಮಚ ಇಟ್ಟು ನೆಲಕ್ಕೆ ಕಾಲು ಕುಟ್ಟಿದರು. ಹಳೆಯ ಮರದ ನೆಲ. ಇಡೀ ಮನೆ ನಡುಗಿತು.

"ತಂದ್ನಿ, ತಂದ್ನಿ, ಅವಸರ ಮಾಡಬ್ಯಾಡ್ರಿ," ಎನ್ನುತ್ತ ಅತ್ತೆ ಅಡುಗೆಮನೆಗೆ ಓಡಿದರು. ಹಂಚಿನ ಮೇಲಿದ್ದ ಬಿಸಿ ಹೋಳಿಗೆ ತಂದು ಇಬ್ಬರ ತಟ್ಟೆಗೂ ಹಾಕಿದರು. ಅವರು ಇನ್ನೂ ಜೋರಾಗಿ ಕುಟ್ಟಿದರು. ಅತ್ತೆ ಇನ್ನೂ ಜೋರಾಗಿ ಓಡಿದರು. ಉಣ್ಣುವವರು ಕಾಲು ಕುಟ್ಟಿ ಕೇಳುವಷ್ಟು ರುಚಿಯಾಗಿ ತಾವು ಎಂದೂ ಹೋಳಿಗೆ ಮಾಡಿರಲಿಲ್ಲ ಎಂಬ ಸಂತೋಷ ಅವರ ಮುಖದ ಮೇಲಿತ್ತು.

ನಮ್ಮ ಮನೆಯವರು ಕನ್ನಡದಲ್ಲಿ, ಇವರಿಗೆ ಏನು ಬೇಕಂತೆ ಎಂದು ನನ್ನನ್ನು ಕೇಳಿದರು.

"ವಾರ್ಷಿಕೋತ್ಸವದ ದಿನ ಗಂಡ ಆದವನು ಎಲ್ಲಾರ ತಾಟು ಎತ್ತಿ, ಮನಿ ಭಾಂಡೆ ಎಲ್ಲಾ ತಿಕ್ಕಬೇಕಂತ. ಅದು ಅವರ ಪದ್ಧತಿ," ಎಂದೆ.

ಅತ್ತೆ ಸೌಟು ಹಿಡಿದೇ ಒಂದು ಗಳಿಗೆ ಯೋಚಿಸಿದರು. "ಪದ್ಧತಿ ಛಲೋ ಅದ," ಎಂದರು. ಇನ್ನೇನು ಮಾಡುವುದು, ನಮ್ಮ ಮನೆಯವರು ಎದ್ದು ಅಂಗಿಯ ತೋಳು ಮಡಚಿ ಖಾಲಿ ಪಾತ್ರೆಗಳನ್ನು ಸಿಂಕಿಗೆ ಒಯ್ದರು. ಡೇನರು ಕಕ್ಕಾಬಿಕ್ಕಿಯಾಗಿ ಕಾಲು ಕುಟ್ಟುವುದನ್ನು ನಿಲ್ಲಿಸಿದರು.

ಸಾರ್ಜೆಂಟ್ ತಮ್ಮ ತಟ್ಟೆಯಲ್ಲಿ ಒಂದರ ಮೇಲೊಂದು ಕೂತಿದ್ದ ಹೋಳಿಗೆಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ಗೇರಿನ ವಿಷಯ ಹೇಳುವಂಥದೇ ದನಿಯಲ್ಲಿ ಹೇಳಿದರು: "ಇದು ನಾನು ಈ ದೇಶದಲ್ಲಿ ತಿಂದ ಅತ್ಯಂತ ಒಳ್ಳೆಯ ಊಟ. ಇನ್ನೊಂದು ತುತ್ತು ತಿಂದರೆ ನಾನು ಸಾಯುತ್ತೇನೆ. ನಮ್ಮಲ್ಲಿ ಬೇಡ ಅಂದರೆ ಬೇಡ ಅಂತಲೇ. ನಿಮ್ಮ ದೇಶದವರೆಲ್ಲ ಯಾಕೆ ಹೀಗೆ ಮಾಡುತ್ತೀರಿ?"

ನಾನು ಟೇಲರಮ್ಮ ಹೇಳಿಕೊಟ್ಟದ್ದನ್ನು ವಿವರಿಸಿದೆ. ಮೂರನೇ ಸಲ ಕೇಳದೆ ಬಡಿಸಬೇಕು, ಇಲ್ಲದಿದ್ದರೆ ಮನಸ್ಸಿಗೆ ನೋವು ಎಂಬಲ್ಲಿಗೆ ಬರುವಷ್ಟರಲ್ಲಿ ಕಾರ್ಪೊರಲ್ ಮೇಜಿಗೆ ಹಣೆ ಊರಿ ಅಲುಗಾಡುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡ ಅತ್ತೆ ಅವಳ ಬೆನ್ನು ಸವರಿದರು. ಅವಳು ನಗುತ್ತಿದ್ದಳು. ತಮಗೂ ಹೊರಡುವ ಮೊದಲು ಒಂದು ಪಾಠ ಆಗಿತ್ತಂತೆ. ಆಸ್ಟ್ರೇಲಿಯಾದವರು ಸಲೀಸಾದ ಜನ, ಊಟಕ್ಕೆ ಯಾರೂ ಒತ್ತಾಯ ಮಾಡುವುದಿಲ್ಲ ಎಂದು ಹೇಳಿಕೊಟ್ಟಿದ್ದರಂತೆ.

ಆ ಟೇಲರಮ್ಮ ಯಾವ ಊರಿನ ಕಡೆಯವರು ಎಂದು ಸಾರ್ಜೆಂಟ್ ಕೇಳಿದರು. ಯುಟ್ಲಂಡ್ ಎಂಬ ಪ್ರಾಂತ್ಯದ ಕಡೆ ಅಂತೆ ಎಂದೆ. ಹಾಗಾದರೆ ಸರಿ, ಅಲ್ಲಿಯವರು ನಗದೆ ನಗಿಸುವ ಜನ, ನಾನೂ ಅಲ್ಲಿಯವನೇ, ಫೋನ್ ಹಚ್ಚು ಎಂದರು.

ಹಚ್ಚಿಕೊಟ್ಟೆ. ಸಾರ್ಜೆಂಟ್ ಎದ್ದು ನಿಂತು, ಯಾರೋ ಮೇಲಧಿಕಾರಿಯ ಮುಂದೆ ನಿಂತವರಂತೆ ಒಂದೆರಡು ಮಾತಾಡಿದರು. ಆಮೇಲೆ ಮೆಲ್ಲಗೆ ಸೋಫಾದ ತೋಳಿನ ಮೇಲೆ ಕೂತರು. ಮಾತು ಮುಗಿಯಲೇ ಇಲ್ಲ. ಅಷ್ಟು ದಿನ ನಮ್ಮೊಂದಿಗೆ ಅಳೆದು ಮಾತಾಡಿದ್ದ ಮನುಷ್ಯ ಕೈ ಬೀಸಿ, ತೊಡೆ ತಟ್ಟಿಕೊಂಡು, ಹೋಳಿಗೆಯ ಅಗಲವನ್ನು ಫೋನಿಗೆ ಕೈಯಲ್ಲಿ ತೋರಿಸುತ್ತ ಮಾತಾಡಿದರು. ಕೊನೆಗೆ ಫೋನು ನನ್ನ ಕೈಗೆ ಬಂತು.

"ಅವನು ಎಷ್ಟು ತಿಂದ?" ಟೇಲರಮ್ಮ ಕೇಳಿದರು.

ಲೆಕ್ಕ ಇಟ್ಟಿಲ್ಲ, ಮೇಲೆ ತುಪ್ಪವೂ ಇತ್ತು ಎಂದೆ.

"ಸಂತೋಷ," ಎಂದರು. ಆಮೇಲೆ ಕಾರಣ ಹೇಳಿದರು. ರವಿಕೆ ಹೊಲಿಯಲು ಶುರು ಮಾಡಿದಾಗಿನಿಂದ ನಮ್ಮವರ ಮನೆಯ ನಾಮಕರಣ, ಸೀಮಂತ, ಗೃಹಪ್ರವೇಶ ಎಲ್ಲಕ್ಕೂ ಅವರಿಗೆ ಕರೆ. ಹೋದಲ್ಲೆಲ್ಲ ಬೇಡ ಎಂದು ಹೇಳಿದರೂ ಬಡಿಸುತ್ತಾರೆ. ಅಕ್ಕನ ಗೃಹಪ್ರವೇಶದ ಮಾರನೆಯ ದಿನ ಏಳಲಾಗದೆ ಅಂಗಡಿಯನ್ನೇ ತೆರೆದಿರಲಿಲ್ಲ. ಕರೆದವರ ಮನಸ್ಸು ನೋಯಿಸಬಾರದೆಂದು ಯಾರಿಗೂ ಹೇಳಿರಲಿಲ್ಲ. "ಇಷ್ಟು ವರ್ಷ ನಾನೊಬ್ಬಳೇ ತಿಂದೆ. ನನ್ನ ದೇಶದವರಿಗೂ ಸ್ವಲ್ಪ ಪಾಲು ಹೋಗಲಿ ಅನ್ನಿಸಿತು."

ಇದನ್ನು ಅತ್ತೆಗೆ ಹೇಳಿದಾಗ ಅವರು ನಗಲಿಲ್ಲ. ಪಾಪ ಒಬ್ಬಾಕೀನ ಇರ್ತಾರಂತ, ಮುಂದಿನ ಸಲ ಮೆಲ್ಬರ್ನಿಗೆ ಹೋದರೆ ಒಂದು ಡಬ್ಬಿ ಹೋಳಿಗೆ ಕಟ್ಟಿಕೊಡುತ್ತೇನೆ ಎಂದರು. ಹೇಳಿದ ಮಾತು ಅವರ ತಲೆಗೆ ಹೋಗಲೇ ಇಲ್ಲ. ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವಳು, ನಾನು ಅಂದು ಬಡಿಸಿದ್ದು ಬರೀ ಮೂರು ಹೋಳಿಗೆ ಎಂದು ವಾದ ಶುರು ಮಾಡಿದಳು.

ಮರುದಿನ ಕ್ಯಾಪ್ಟನ್ನರಿಗೆ ವಿಷಯ ಮುಟ್ಟಿಸಿದೆ. ಮೆಸ್ಸಿನ ಬಡಿಸುವಿಕೆ ಅಂದೇ ನಿಂತಿತು. ಪ್ಲಂಬರ್‌ಗೆ ಬೇಜಾರಾಯಿತು, ಅವನಿಗೆ ಅದು ಒಗ್ಗಿಹೋಗಿತ್ತು, ಆಮೇಲೂ ಕದ್ದು ಮುಚ್ಚಿ ಒಂದೊಂದು ಸೌಟು ಹಾಕುತ್ತಿದ್ದ.

ತರಬೇತಿ ಮುಗಿದ ಮೇಲೆ ಡೇನರಿಗೆ ಎರಡು ದಿನ ರಜೆ ಇತ್ತು. ಉಳಿದವರು ಬೀಚಿಗೆ ಹೋದರೆ ಸಾರ್ಜೆಂಟ್ ಮತ್ತು ಕಾರ್ಪೊರಲ್ ಮೆಲ್ಬರ್ನಿಗೆ ಹೋದರು. ಅಂದು ಏನು ನಡೆಯಿತೆಂದು ಅಕ್ಕ ಹೇಳಿದ್ದು ಇಷ್ಟು. ಅವಳು ತನ್ನ ರವಿಕೆ ತರಲು ಹೋದರೆ ಅಂಗಡಿಯ ಬಾಗಿಲಲ್ಲಿ ಮುಚ್ಚಿದೆ ಎಂಬ ಬೋರ್ಡು. ಹೊರಗೆ ಇನ್ನಿಬ್ಬರು ನಮ್ಮವರು ಬಟ್ಟೆಯ ಚೀಲ ಹಿಡಿದು ಕಾಯುತ್ತಿದ್ದರು. ಒಳಗಿಂದ ಮೂರು ಜನರ ನಗೆ. ಗಾಜಿನಿಂದ ಇಣುಕಿದರೆ ಸಾರ್ಜೆಂಟ್ ಚಡ್ಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಾರೆ, ಟೇಲರಮ್ಮ ಅವರ ಪ್ಯಾಂಟನ್ನು ಮಷೀನಿಗೆ ಹಾಕಿ ಅಂಚು ಹೊಲಿಯುತ್ತಿದ್ದಾರೆ, ಹೊಲಿಯುತ್ತ ಬೈಯುತ್ತಿದ್ದಾರೆ. ಆ ಭಾಷೆ ಬಾರದಿದ್ದರೂ ಬೈಗುಳವೆಂಬುದು ಅಕ್ಕನಿಗೆ ತಿಳಿಯಿತಂತೆ.

ಊರಿಗೆ ಹೊರಟ ಡೇನರನ್ನು ವಿಮಾನ ನಿಲ್ದಾಣಕ್ಕೆ ಬಿಡುವ ಕೆಲಸ ನನಗೇ ಬಂತು. ಸಾರ್ಜೆಂಟ್ ಮುಂದೆ ನನ್ನ ಪಕ್ಕ ಕೂತಿದ್ದರು. ಟೇಲರಮ್ಮನ ಡೇನಿಶ್ ಹಳೆಯದು ಎಂದರು. ತಮ್ಮ ಅಜ್ಜಿ ಬಳಸುತ್ತಿದ್ದ ಪದಗಳು, ಈಗ ಊರಲ್ಲಿ ಯಾರೂ ಆಡದ ಪದಗಳು. ಕಾರ್ಪೊರಲ್‌ಗೆ ಅರ್ಧ ಅರ್ಥವೇ ಆಗಲಿಲ್ಲವಂತೆ. ಹೊರಡುವಾಗ, ಇನ್ನೊಂದು ಸ್ವಲ್ಪ ಹೊತ್ತು ಕೂರಿ ಎಂದು ಟೇಲರಮ್ಮ ಕೇಳಿದ್ದರಂತೆ. ಇವರು, ಇಲ್ಲ, ಸಿಡ್ನಿಯ ವಿಮಾನದ ಹೊತ್ತಾಯಿತು ಎಂದರಂತೆ. ಅವರು ಮತ್ತೊಮ್ಮೆ ಕೇಳಿದರಂತೆ.

"ಕೂತಿರಾ?" ಎಂದೆ.

"ಕೂತೆವು. ವಿಮಾನ ತಪ್ಪಿತು. ರಾತ್ರಿಯ ಬಸ್ಸಿನಲ್ಲಿ ಬಂದೆವು," ಎಂದರು ಸಾರ್ಜೆಂಟ್. ಮುಂದೆ ಏನಾದರೂ ಹೇಳುತ್ತಾರೇನೋ ಎಂದು ಅವರ ಕಡೆ ನೋಡಿದೆ. ರಸ್ತೆ ನೋಡು, ತಿರುವು ಬಂತು ಎಂದರು.